ಸಿಲೋನಿನ ಗಾವುದ, ನಮ್ಮ ಮೊಳ

ಬಂಗಾರಪೇಟೆ

ನಾನು ಕಂಡ ಪರದೇಶ ಸಿಲೋನು ಒಂದೇ. ಅಲ್ಲಿಗೆ ಹೋಗಿಬಂದವರು ಬುದ್ಧನ ಹಲ್ಲಿಟ್ಟು ಪೂಜಿಸುವ ಗುಡಿಯ ವಿಷಯ ಹೇಳುತ್ತಾರೆ, ಆನೆಗಳು ಮೀಯುವ ಹೊಳೆಯ ವಿಷಯ ಹೇಳುತ್ತಾರೆ. ನಾನು ಅದನ್ನೂ ನೋಡಲಿಲ್ಲ, ಇದನ್ನೂ ನೋಡಲಿಲ್ಲ. ಒಂದು ಬಸ್ಸಿನ ರಸ್ತೆ, ಒಬ್ಬ ಬಡಗಿಯ ಕೊಟ್ಟಿಗೆ, ರಬ್ಬರ್ ತೋಟದ ಅಂಚಿನಲ್ಲಿ ಒಂದು ಚೂರು ಕೆಂಪು ನೆಲ, ಇಷ್ಟೇ ನಾನು ಕಂಡ ಸಿಲೋನು. ಅದನ್ನೇ ಬರೆಯುತ್ತೇನೆ.

ಆಗ ನಾನು ಬಂಗಾರಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸದಲ್ಲಿದ್ದೆ. ಸರ್ಕಾರದವರು ಗಜವನ್ನು ತೆಗೆದು ಮೀಟರ್ ತಂದ ಹೊಸತು. ನಮ್ಮ ಅಂಗಡಿಯಲ್ಲಿ ಎರಡು ಕೋಲುಗಳೂ ಅಕ್ಕಪಕ್ಕ ತೂಗುತ್ತಿದ್ದವು. ಗಿರಾಕಿಗಳು ಮೀಟರ್ ಕೋಲನ್ನು ಕಂಡರೆ ಮೋಸ ಎನ್ನುವರು. ಅದು ಗಜಕ್ಕಿಂತ ಮೂರು ಅಂಗುಲದ ಮೇಲೆ ಚಿಲ್ಲರೆ ಉದ್ದ, ಬಟ್ಟೆ ಹೆಚ್ಚೇ ಬರುತ್ತದೆ ಎಂದರೂ ನಂಬುತ್ತಿರಲಿಲ್ಲ. ಹಳ್ಳಿಯಿಂದ ಬಂದ ಹೆಂಗಸರು ನನ್ನ ಕೋಲನ್ನು ಪಕ್ಕಕ್ಕೆ ತಳ್ಳಿ, ಮೊಣಕೈ ಊರಿ ತಮ್ಮ ಕೈಯಲ್ಲೇ ಅಳೆದುಕೊಳ್ಳುತ್ತಿದ್ದರು. ಕನ್ನಡದವರು ಮೊಳ ಎಂದರೆ ತೆಲುಗಿನವರು ಮೂರ, ಚಿನ್ನದ ಗಣಿಯ ಲೈನುಗಳೆಂಬ ಕೂಲಿಮನೆಗಳಿಂದ ಬರುವ ತಮಿಳರು ಮುಳಂ. ಬಾಯಿ ಮೂರಾದರೂ ಅಳತೆ ಒಂದೇ, ಮೊಣಕೈಯಿಂದ ನಡುಬೆರಳ ತುದಿಯವರೆಗೆ.

ನನ್ನ ಅಕ್ಕ ನಾರಾಯಣಮ್ಮನನ್ನು ಊರಿಗಾಮಿಗೆ ಕೊಟ್ಟಿತ್ತು. ಭಾವ ಮುನಿವೆಂಕಟಪ್ಪ ಗಣಿಯೊಳಗೆ ಸುರಂಗದ ಕಲ್ಲು ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ ಮಾಡುತ್ತಿದ್ದರು. ಮಾತು ಕಡಿಮೆ, ನಗು ಜಾಸ್ತಿ. ಭಾನುವಾರ ಬಂಗಾರಪೇಟೆಗೆ ಬಂದರೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದು, ಸಿಪ್ಪೆಯನ್ನು ಜೇಬಿಗೇ ಹಾಕಿಕೊಂಡು ಹೋಗುವರು. ಎದೆಯಲ್ಲಿ ಕಲ್ಲಿನ ದೂಳು ಕೂತು ಕೆಮ್ಮು ಶುರುವಾದ ಮೇಲೆ ಒಳಗಿನ ಕೆಲಸ ಬಿಡಬೇಕಾಯಿತು. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ. ಸಿಲೋನಿನಲ್ಲಿ ಪೆನ್ಸಿಲಿಗೆ ಹಾಕುವ ಸೀಸ ತೆಗೆಯುವ ಸಣ್ಣ ಸಣ್ಣ ಗಣಿಗಳಿವೆ, ಅಲ್ಲಿ ಯಾರೂ ಎದೆ ಪರೀಕ್ಷೆ ಮಾಡುವುದಿಲ್ಲ ಎಂದು ಲೈನಿನ ಚಿನ್ನಪ್ಪನ್ ಎಂಬವನು ಹೇಳಿದ. ಇಬ್ಬರೂ ಕೂಡಿ ಹೋದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಅತ್ತೆ ಯಲ್ಲಮ್ಮನೊಡನೆ ಲೈನಿನ ಮನೆಯಲ್ಲೇ ಉಳಿದಳು.

ಎರಡನೆಯ ವರ್ಷ ಚಿನ್ನಪ್ಪನ್ ಒಬ್ಬನೇ ಬಂದ. ಬಂದವನು ಯಲ್ಲಮ್ಮನ ಹತ್ತಿರ ನಾಲ್ಕು ಮಾತು ಆಡಿ, ಆ ಸಂಜೆಯೇ ಸೇಲಂ ಕಡೆ ತನ್ನ ಹೆಂಡತಿಯ ಊರಿಗೆ ರೈಲು ಹತ್ತಿದ. ಅಕ್ಕ ಆಗ ಕೂಲಿಗೆ ಹೋಗಿದ್ದಳು. ಮರುದಿನ ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಬಂದರು. ಯಲ್ಲಮ್ಮ ಬಾಗಿಲಲ್ಲೇ ನಿಂತು ಶುರು ಮಾಡಿದಳು.

“ಕಿಟ್ಟಪ್ಪ, ನಮ್ ಮುನಿವೆಂಕಟನಿಗೆ ಸಾನೆ ಬೇನೆಯಂತೆ ಕಣಪ್ಪ. ಗಣಿಯೋರು ಬಿಡ್ಸಿ ಕಳ್ಸವ್ರಂತೆ. ರಸ್ತೆ ಪಕ್ಕ ಯಾವ್ದೋ ಮಂಟಪದಾಗೆ ಮಲ್ಗವ್ನಂತೆ. ಊರ್ನೋರೇ ಗಂಜಿ ಉಯ್ತಾರಂತೆ.”

“ಯಾವ ಊರು ಅಂದನಮ್ಮ?”

“ಟೇಸನ್ ಎಸ್ರು ಇವ್ಳು ಬಾಯಿಪಾಠ ಮಾಡವ್ಳೆ. ಅಲ್ಲಿಂದ ದೊಡ್ ರಸ್ತೆ ಇಡ್ಕೊಂಡು ಮೂರು ಗಾವುದ. ಎರಡ್ ಸಲ ಕೇಳ್ದೆ. ಎರಡ್ ಸಲಾನೂ ಮೂರು ಗಾವುದ ಅಂದ.”

ಗಾವುದ ಎಂದರೆ ನಮ್ಮ ಕಡೆ ನಾಲ್ಕು ಹರದಾರಿ, ಅಂದರೆ ಹನ್ನೆರಡು ಮೈಲಿ. ಆ ಮಾತು ಆಗಲೇ ಮುದುಕರ ಬಾಯಿಗೆ ಸೇರಿತ್ತು. ಚಿನ್ನಪ್ಪನ್ ಮೈಲಿ ಎಂದು ಹೇಳಿದ್ದನ್ನು ಯಲ್ಲಮ್ಮ ತನ್ನ ಲೆಕ್ಕಕ್ಕೆ ತಿರುಗಿಸಿಕೊಂಡಿದ್ದಾಳೆ ಎಂದೇ ಎಲ್ಲರೂ ಭಾವಿಸಿದೆವು. ಮೂರು ಗಾವುದಕ್ಕೆ ಮೂವತ್ತಾರು ಮೈಲಿ. ಚಿನ್ನಪ್ಪನನ್ನು ಕೇಳೋಣವೆಂದರೆ ಅವನ ಹೆಂಡತಿಯ ಊರು ಯಾವುದೆಂದು ಯಾರಿಗೂ ತಿಳಿಯದು. ಅಕ್ಕ ಕಾಯಲೂ ಒಪ್ಪಲಿಲ್ಲ.

“ನೀನ್ ಬರ್ದಿದ್ರೂ ನಾನ್ ಓಯ್ತೀನಿ,” ಎಂದಳು.

ಆ ಸ್ಟೇಷನ್ನಿನ ಹೆಸರನ್ನು ಅಕ್ಕ ಈಗ ಎತ್ತುವುದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಧನುಷ್ಕೋಟಿ

ರಹದಾರಿ ಕೈಗೆ ಬರುವಷ್ಟರಲ್ಲಿ ಕೆಲವು ವಾರಗಳು ಹೋದವು. ಜೋಲಾರಪೇಟೆಯಲ್ಲಿ ಇಳಿದು, ತಿರುಚ್ಚಿಯಲ್ಲಿ ಇಳಿದು, ಮತ್ತೆ ಹತ್ತಿ, ಮಂಡಪಂ ಎಂಬಲ್ಲಿ ಎಲ್ಲರನ್ನೂ ಇಳಿಸಿದರು. ಸಿಲೋನಿಗೆ ಹೋಗುವ ಮೂರನೇ ಕ್ಲಾಸಿನ ಜನಕ್ಕೆಲ್ಲ ಅಲ್ಲಿ ವೈದ್ಯರ ಪರೀಕ್ಷೆ. ಚುಚ್ಚುಮದ್ದು ಹಾಕಿ, ರೋಗವಿಲ್ಲ ಎಂದು ಖಾತ್ರಿಯಾಗುವತನಕ ಬಿಡುವುದಿಲ್ಲ. ಅಕ್ಕನ ತೋಳು ಊದಿಕೊಂಡಿತು. ನರ್ಸಮ್ಮನಿಗೆ ಅದನ್ನು ತೋರಿಸಿದರೆ ಇನ್ನಷ್ಟು ದಿನ ಹಿಡಿದುಕೊಂಡಾರು ಎಂದು ಅವಳು ಸೆರಗು ಹೊದ್ದು ಕೂತಳು. ಜ್ವರದಲ್ಲಿ ಮೈ ನಡುಗುತ್ತಿತ್ತು. ಯಾರಾದರೂ ನೋಡಿದರೆ ಗಾಳಿಗೆ ಚಳಿ ಎನ್ನುವಳು. ಅಲ್ಲಿ ಬೀಸುತ್ತಿದ್ದುದು ಬಿಸಿಗಾಳಿ.

ಧನುಷ್ಕೋಟಿಯಲ್ಲಿ ರೈಲು ಸೀದಾ ಹಡಗಿನ ಕಟ್ಟೆಯವರೆಗೆ ಹೋಗುತ್ತಿತ್ತು. ಸಮುದ್ರವನ್ನು ನಾವಿಬ್ಬರೂ ಕಂಡದ್ದು ಅಂದೇ. ಗಣಿಯ ಕೆಲಸದಿಂದ ಬಂದ ಬೂದಿ ಬಣ್ಣದ ದಿಬ್ಬಗಳ ಮಧ್ಯೆ ಬಾಳಿದವಳು ಅಕ್ಕ. ನೀರನ್ನು ನೋಡಿ ಅವಳ ಮುಖ ಅರಳಲಿಲ್ಲ. “ಇದ್ನ ದಾಟಿ ಓದ್ರಾ ಅವ್ರು?” ಎಂದು ಒಂದೇ ಮಾತು ಕೇಳಿದಳು. ಆ ದಡಕ್ಕೆ ಇಪ್ಪತ್ತು ಚಿಲ್ಲರೆ ಮೈಲಿ ಎಂದು ಹಡಗಿನವನು ಹೇಳಿದ. ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗಿ ಬಂದಷ್ಟು ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ. ಹಡಗು ಅಲುಗತೊಡಗಿದ ಮೇಲೆ ನನ್ನ ಸಮಾಧಾನವೆಲ್ಲ ವಾಂತಿಯಾಗಿ ಹೋಯಿತು. ಅಕ್ಕನೇ ನನ್ನ ತಲೆ ಹಿಡಿದುಕೊಂಡಿದ್ದಳು.

ತಲೈಮನ್ನಾರಿನಲ್ಲಿ ಗಂಟು ಬಿಚ್ಚಿಸಿದರು. ಅಕ್ಕ ಭಾವನಿಗೆಂದು ರಾಗಿ ಹಿಟ್ಟು ಕಟ್ಟಿಕೊಂಡಿದ್ದಳು. ಅಲ್ಲಿಯ ಅಧಿಕಾರಿ ಅದನ್ನು ಮೂಸಿ, ಬೆರಳಿಂದ ಕೆದಕಿ, ಇದೇನು ಗೊಬ್ಬರವೋ ಮದ್ದೋ ಎಂದು ತಮಿಳಿನಲ್ಲಿ ಕೇಳಿದ. ಅನ್ನ ಎಂದೆ. ನಂಬಲಿಲ್ಲ. ಅಕ್ಕ ಒಂದು ಹಿಡಿ ಹಿಟ್ಟನ್ನು ಹಾಗೇ ಬಾಯಿಗೆ ಹಾಕಿಕೊಂಡು, ಅವನ ಮುಖ ನೋಡುತ್ತ ನಿಂತು ನುಂಗಿದಳು. ಗಂಟಲು ಕಟ್ಟಿ ಕಣ್ಣಲ್ಲಿ ನೀರು ಬಂತು. ಅವನಿಗೆ ನಾಚಿಕೆಯಾಯಿತೇನೋ, ತನ್ನ ಲೋಟದ ನೀರನ್ನೇ ಕೊಟ್ಟು ಕಳಿಸಿಬಿಟ್ಟ.

ಮೂವತ್ತಾರನೆಯ ಮೈಲಿ

ಸಿಲೋನಿನ ಒಳನಾಡು ಕಣ್ಣು ಕುಕ್ಕುವಷ್ಟು ಹಸಿರು. ನಮ್ಮ ಸೀಮೆಯ ಬಂಡೆ, ಜಾಲಿ, ಬತ್ತಿದ ಕೆರೆ ನೋಡಿದ ಕಣ್ಣಿಗೆ ಆ ಹಸಿರು ಹಬ್ಬವಾಗಬೇಕಿತ್ತು. ನನಗೆ ಭಯವಾಯಿತು. ಇಷ್ಟು ದಟ್ಟವಾದ ಎಲೆಗಳ ಮಧ್ಯೆ ಒಬ್ಬ ಮನುಷ್ಯನನ್ನು ಹುಡುಕುವುದು ಹೇಗೆ? ನಮ್ಮ ಕಡೆಯಾದರೆ ದಿಬ್ಬ ಹತ್ತಿದರೆ ಒಂದು ಮೈಲಿ ಆಚೆ ಬರುವವನು ಯಾರೆಂದು ಗುರುತು ಸಿಗುತ್ತದೆ.

ಅಲ್ಲಿಯ ಜನಕ್ಕೆ ಒಂದು ಅಭ್ಯಾಸ. ಎದುರಾದವರು “ಕೊಹೆದ ಯನ್ನೆ?” ಎನ್ನುತ್ತಾರೆ. ಎಲ್ಲಿಗೆ ಹೋಗುತ್ತೀರಿ ಎಂದರ್ಥ. ನಮಸ್ಕಾರವೂ ಅದೇ, ಕುಶಲವೂ ಅದೇ. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುತ್ತಾರೆ. ಸ್ಟೇಷನ್ನಿನಲ್ಲಿ ಟಿಕೆಟ್ ಇಸಕೊಳ್ಳುವವನು ಕೇಳಿದ, ಬಸ್ಸಿನ ಕಂಡಕ್ಟರ್ ಕೇಳಿದ, ಪಕ್ಕದ ಸೀಟಿನ ಹೆಂಗಸು ನಗುನಗುತ್ತ ಕೇಳಿದಳು. ಪ್ರತಿ ಸಲವೂ ಅಕ್ಕ ಕಣ್ಣು ಮುಚ್ಚಿ, ತಾಳಿ ಮುಟ್ಟಿಕೊಂಡು, ಏನೋ ಹೇಳಿಕೊಳ್ಳುವಳು.

ಸ್ಟೇಷನ್ನಿನಿಂದ ಹೊರಟ ದೊಡ್ಡ ರಸ್ತೆಗೆ ಮೈಲಿಗಲ್ಲುಗಳಿದ್ದವು. ನಾನು ಕಿಟಕಿಯಲ್ಲಿ ತಲೆ ಹಾಕಿ ಎಣಿಸುತ್ತ ಹೋದೆ. ಮೂವತ್ತಾರನೆಯ ಮೈಲಿಯ ಹತ್ತಿರ ಒಂದು ಪೇಟೆಯೇ ಸಿಕ್ಕಿತು. ಅದರಾಚೆ ಸೀಸದ ಗಣಿಯೂ ಇತ್ತು. ಕಪ್ಪು ಹೊಳಪಿನ ಪುಡಿ ಮೆತ್ತಿದ ಗಂಡಸರು ಬೀದಿಯಲ್ಲಿ ಓಡಾಡುತ್ತಿದ್ದರು. ಸರಿಯಾದ ಜಾಗಕ್ಕೇ ಬಂದೆವು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಅಕ್ಕ ಬಸ್ಸಿನಿಂದ ಇಳಿದವಳೇ ತಲೆ ಬಾಚಿಕೊಂಡಳು.

ಆ ಪೇಟೆಯಲ್ಲಿ ನಾವು ಕೇಳದ ಬಾಗಿಲಿಲ್ಲ. ಗಣಿಯ ಗುಡಿಸಲುಗಳು, ಆಸ್ಪತ್ರೆಯ ಜಗಲಿ, ಬೌದ್ಧ ವಿಹಾರ, ಸಂತೆಮಾಳ. ರಸ್ತೆ ಪಕ್ಕದ ಮಂಟಪ ಎಂದು ಕೈಸನ್ನೆ ಮಾಡಿದರೆ ಒಬ್ಬರು ಬಸ್‌ಸ್ಟಾಂಡ್ ತೋರಿಸುವರು, ಒಬ್ಬರು ಸ್ಮಶಾನದ ದಾರಿ ತೋರಿಸುವರು. ಆಸ್ಪತ್ರೆಯಲ್ಲಿ ಕೆಮ್ಮುವವನೊಬ್ಬ ಇದ್ದಾನೆಂದು ಓಡಿದೆವು. ಹಾಸಿಗೆಯಲ್ಲಿದ್ದವನು ತಲೆ ಎತ್ತಿ ನೋಡಿದ. ಬೇರೆ ಯಾರೋ. ಅಕ್ಕ ತಂದಿದ್ದ ಕಿತ್ತಳೆಯನ್ನು ಅವನ ತಲೆದಿಂಬಿನ ಹತ್ತಿರವೇ ಇಟ್ಟು ಬಂದಳು. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಅಂಗಡಿಯ ಜಗಲಿಯಲ್ಲಿ ಮಲಗಿದೆವು, ಮರುದಿನ ಮತ್ತೆ ಹುಡುಕಿದೆವು, ಮತ್ತೆ ಅದೇ ಜಗಲಿಗೆ ಬಂದೆವು.

ಅಂಗಡಿಯವರು ತಿರುನೆಲ್ವೇಲಿ ಕಡೆಯ ತಮಿಳರು, ವಯಸ್ಸಾದವರು. ಎರಡನೆಯ ದಿನ ನಮ್ಮನ್ನು ಒಳಗೆ ಕರೆದು, ಬಿಸಿ ಕಾಫಿ ಕೊಟ್ಟು, ಕಥೆಯೆಲ್ಲ ಕೇಳಿದರು. ಮೂರು ಗಾವುದ ಎಂದಾಗ ನಡುವೆ ತಡೆದರು.

“ಗಾವುದ ಎಂದು ಹೇಳಿದವನು ಯಾರಮ್ಮ? ಈ ದೇಶದಲ್ಲಿ ಇದ್ದವನಾ?”

“ಹೌದು, ಇಲ್ಲಿಂದಲೇ ಬಂದವನು,” ಎಂದೆ ನಾನು.

“ಹಾಗಾದರೆ ಅವನು ಹೇಳಿದ್ದು ಗವ್ವ. ಸಿಂಹಳದವರ ಅಳತೆ. ಮೂರು ಗವ್ವ ಎಂದಿದ್ದಾನೆ, ಮುದುಕಿ ಗಾವುದ ಎಂದು ಕೇಳಿಸಿಕೊಂಡಿದ್ದಾಳೆ. ಇಲ್ಲಿಯ ಗವ್ವ ಬಹಳವೆಂದರೆ ನಾಲ್ಕು ಮೈಲಿ. ನಿಮ್ಮ ಮನುಷ್ಯ ಇರುವುದು ಹನ್ನೆರಡನೆಯ ಮೈಲಿಯ ಸುತ್ತಮುತ್ತ. ನೀವು ಬಸ್ಸಿನಲ್ಲಿ ಅದನ್ನು ದಾಟಿ ಬಂದಿದ್ದೀರಿ.”

ಅವರ ಮೂರು ಗವ್ವ ಕೂಡಿದರೆ ನಮ್ಮ ಒಂದು ಗಾವುದ. ಹೆಸರು ಹೆಚ್ಚುಕಡಿಮೆ ಒಂದೇ, ಯಾವ ಕಾಲದಲ್ಲಿ ಯಾವ ದಾರಿಯಲ್ಲಿ ಸಮುದ್ರ ದಾಟಿತೋ ತಿಳಿಯದು. ದಾಟುವಾಗ ಮೂರರಲ್ಲಿ ಎರಡು ಪಾಲು ಸವೆದುಹೋಗಿತ್ತು. ನಾನು ಅಕ್ಕನಿಗೆ ಲೆಕ್ಕವನ್ನು ಬಿಡಿಸಿ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

“ಅವ್ರ್ ಮುಂದೇನೇ ಬಸ್ಸು ಓಯ್ತು ಅಂತೀಯಾ?”

ಹೌದೆಂದು ತಲೆ ಹಾಕಿದೆ.

“ನಾನು ಆ ಕಡೆ ಕಿಟಕಿಗೆ ಕೂತಿದ್ನಲ್ಲಾ ಕಿಟ್ಟ. ಮಂಟಪ ಒಂದಿತ್ತು. ಹೆಂಚು ಆಕಿದ್ ಮಂಟಪ. ನೋಡ್ದೆ ಕಣ್ಲಾ ನಾನು. ಯಾರೋ ಮಲ್ಗವ್ರೆ ಅಂದ್ಕೊಂಡೆ.”

ಆ ದಿನ ಆ ಕಡೆಗೆ ಬಸ್ಸು ಉಳಿದಿರಲಿಲ್ಲ. ಅಂಗಡಿಯವರು ಒಂದು ತೆಂಗಿನಕಾಯಿ ಲಾರಿಯವನನ್ನು ಬೇಡಿಕೊಂಡರು. ಅವನು ಬೆಳಿಗ್ಗೆ ಹೊರಡುತ್ತೇನೆ ಎಂದ.

ಹನ್ನೆರಡನೆಯ ಮೈಲಿ

ಮಂಟಪ ಖಾಲಿ ಇತ್ತು. ಅಲ್ಲಿಯವರು ಅದನ್ನು ಅಂಬಲಮ ಎನ್ನುತ್ತಾರೆ, ದಾರಿಹೋಕರು ಕೂತು ಏಳುವ ಜಾಗ. ನೆಲವನ್ನು ಆಗಷ್ಟೇ ಸೆಗಣಿ ಹಾಕಿ ಸಾರಿಸಿದ್ದರು. ಅಕ್ಕ ಆ ನೆಲವನ್ನು ನೋಡಿದವಳು ಒಳಗೆ ಕಾಲಿಡಲಿಲ್ಲ. ನಮ್ಮಲ್ಲೂ ಯಾವಾಗ ಹಾಗೆ ಸಾರಿಸುತ್ತಾರೆ ಎಂಬುದು ಅವಳಿಗೆ ಗೊತ್ತು.

ಒಬ್ಬಳು ಮುದುಕಿ ಬಂದಳು. ಬಿಳಿ ರವಿಕೆ, ಬಿಳಿ ಲುಂಗಿ, ತಲೆಯ ಮೇಲೆ ತಾಳೆಗರಿಯ ಕೊಡೆ. ತಮಿಳು ಬಾರದು. ನಾನು ಮಂಟಪವನ್ನು ತೋರಿಸಿ ಕೆಮ್ಮಿ ತೋರಿಸಿದೆ. ಅವಳು ಅಕ್ಕನ ಕುತ್ತಿಗೆಯ ತಾಳಿಯನ್ನು ನೋಡಿದಳು. ಅವಳ ಮುಖ ಇಳಿಯಿತು. ಗದ್ದೆಯ ಆಚೆ ತೆಂಗಿನ ಮರಗಳ ಕಡೆ ಕೈ ತೋರಿಸಿ, “ಹೂವಕ್ ದುರ” ಎಂದಳು. ಹೂವು ಯಾಕೆ ಬಂತು ಎಂದು ನಾನು ಕಂಗಾಲಾದೆ. ಅವಳು ಎರಡು ಕೈ ಬಾಯಿಗಿಟ್ಟು “ಹೂ…” ಎಂದು ಕೂಗಿದಳು. ಗದ್ದೆಯ ಆಚೆಯಿಂದ ಒಂದು ಗಂಡು ದನಿ “ಹೂ…” ಎಂದು ಮರುಕೂಗಿತು.

“ಕೂಗಳತೆ ಅಂತವ್ಳೆ ಕಿಟ್ಟ,” ಎಂದಳು ಅಕ್ಕ. “ಕೂಗಿದ್ರೆ ಕೇಳೋವಷ್ಟು ದೂರ.” ಮರುಕ್ಷಣ ಅವಳು ಗದ್ದೆಯ ಬದುವಿನ ಮೇಲೆ ಓಡತೊಡಗಿದಳು. ಊದಿದ ತೋಳು, ಬಿಚ್ಚಿದ ಸೆರಗು, ಒಂದು ಕಾಲು ಕೆಸರಿಗೆ ಬಿತ್ತು. ನಾನು ಹಿಂದೆ ಓಡಿದೆ. ಮರುಕೂಗಿದವನು ಭಾವನಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಅಷ್ಟು ಉಸಿರು ಅವರ ಎದೆಯಲ್ಲಿ ಉಳಿದಿರಲು ಸಾಧ್ಯವಿರಲಿಲ್ಲ.

ಬಡಗಿಯ ಕೊಟ್ಟಿಗೆ

ಕೂಗಿದವನು ಊರಿನ ಬಡಗಿ. ಐವತ್ತು ದಾಟಿದ ಗಟ್ಟಿ ಆಳು. ಹಿಂದೆ ಚಹಾ ತೋಟಗಳಲ್ಲಿ ಕೆಲಸ ಮಾಡಿದ್ದರಿಂದ ಅರೆಬರೆ ತಮಿಳು ಬರುತ್ತಿತ್ತು. ಅದಕ್ಕೇ ಮುದುಕಿ ನಮ್ಮನ್ನು ಅವನಲ್ಲಿಗೆ ಕಳಿಸಿದ್ದಳು. ಅವನು ಉಳಿ ಕೆಳಗಿಟ್ಟು, ಅಕ್ಕನಿಗೆ ಮಣೆ ಹಾಕಿ, ತಾನು ನೆಲದ ಮೇಲೆ ಕೂತು ಹೇಳಿದ.

ಇಂಡಿಯಾದ ಮನುಷ್ಯನೊಬ್ಬ ಅಂಬಲಮದಲ್ಲಿ ಬಹಳ ದಿನ ಮಲಗಿದ್ದ. ಹೆಂಗಸರು ಸರದಿಯಲ್ಲಿ ಗಂಜಿ ಕೊಟ್ಟರು. ಹೆಸರು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕೊನೆಕೊನೆಗೆ ಮಾತೂ ಇರಲಿಲ್ಲ. ಮೊನ್ನೆ ಮಧ್ಯಾಹ್ನ ಹೋದ. ಮಳೆಗೆ ಸುಡಲಾಗದೆ ನಿನ್ನೆ ಬೆಳಿಗ್ಗೆ ಹೂಳಿದೆವು. ಮಳೆ ನಿಂತ ಮೇಲೆ, ರೋಗ ಹರಡೀತೆಂದು ಅವನ ಚಾಪೆ, ಬಟ್ಟೆ ಎಲ್ಲ ಸುಟ್ಟೆವು.

ಮೊನ್ನೆ ಮಧ್ಯಾಹ್ನ ನಾವು ಮೂವತ್ತಾರನೆಯ ಮೈಲಿಯಲ್ಲಿ ಆಸ್ಪತ್ರೆಯ ಜಗಲಿಯ ಮೇಲಿದ್ದೆವು.

ಅಕ್ಕ ಅಳಲಿಲ್ಲ. ಅವಳಿಗೆ ತಮಿಳು ಪೂರಾ ಅರ್ಥವಾಗುತ್ತದೆ, ಲೈನಿನಲ್ಲಿ ಬಾಳಿದವಳು. “ಅವರೇ ಅಂತ ಏನ್ ಗ್ಯಾರಂಟಿ?” ಎಂದಳು ನನಗೆ. ಆಮೇಲೆ ಬಡಗಿಯನ್ನೇ ಕೇಳಿದಳು. ಮುಖ ಹೇಗಿತ್ತು? ಗಡ್ಡವೇ ಕಾಣುತ್ತಿತ್ತು ಎಂದ. ಬಣ್ಣ? ನಮ್ಮೆಲ್ಲರ ಹಾಗೆ ಎಂದ. ಕೈ ಮೇಲೆ ಹಚ್ಚೆ? ನೋಡಲಿಲ್ಲ ಎಂದ. ಕೇಳಿದ್ದಕ್ಕೆಲ್ಲ ಉತ್ತರವಿಲ್ಲದೆ ಅವನಿಗೇ ಕಸಿವಿಸಿಯಾಯಿತು. ಕೊನೆಗೆ ಏನಾದರೂ ಒಂದನ್ನು ಖಚಿತವಾಗಿ ಹೇಳಬೇಕೆಂದು ಹೇಳಿದ: “ಪೆಟ್ಟಿಗೆ ನಾನೇ ಮಾಡಿದೆನಮ್ಮ. ಉದ್ದ ನೆನಪಿದೆ. ರೆಂಡರೆ ಮುಳಂ.”

ಎರಡೂವರೆ ಮೊಳ.

ಅಕ್ಕ ದಿಗ್ಗನೆ ಎದ್ದು ನಿಂತಳು. ಹಾಗೆ ಅವಳ ಮುಖಕ್ಕೆ ಬೆಳಕು ಬಂದದ್ದನ್ನು ನಾನು ಆ ಪ್ರಯಾಣದಲ್ಲೆಲ್ಲ ನೋಡಿರಲಿಲ್ಲ.

“ಕಿಟ್ಟಾ, ಕೇಳಿಸ್ತೇನ್ಲಾ? ಎರಡೂವರೆ ಮೊಳ ಅಂದ್ರೆ ಎಳೇ ಮಗ ಕಣ್ಲಾ! ನಿಮ್ ಬಾವ ಮೂರೂವರೆ ಮೊಳದ ಮ್ಯಾಲೆ ಎರಡು ಬೆಳ್ಳು. ಅವ್ರಿಗೆ ಜ್ವರ ಬಂದಾಗ ಅರಕೆಗೆ ಅಂತ ಮೈಯುದ್ದದ ದಾರ ಅಳ್ದಿದ್ದು ನಾನೇ. ಇದೇ ಕೈಯಾಗೆ. ಇವ್ರು ಯಾರ್ನೋ ಊಳವ್ರೆ. ಯಾವ್ದೋ ಮಗೀನ. ಅವ್ರು ಇಲ್ಲೇ ಎಲ್ಲೋ ಔರೆ, ಏಳು, ಉಡ್ಕಾನ, ಏಳ್ಲಾ!”

ಮಗುವನ್ನು ಯಾರಾದರೂ ಇಂಡಿಯಾದ ಮನುಷ್ಯ ಎನ್ನುತ್ತಾರೆಯೇ? ಗಡ್ಡವೇ ಕಾಣುತ್ತಿತ್ತು ಎನ್ನುತ್ತಾರೆಯೇ? ಇದು ನನಗೆ ಹೊಳೆದರೂ, ಆ ಗಳಿಗೆಯಲ್ಲಿ ನಾನೂ ನಂಬಿದೆ. ನನ್ನ ಕಾಲುಗಳು ಎದ್ದು ನಿಂತವು. ಬೇರೆ ಪೆಟ್ಟಿಗೆಯನ್ನು ನೆನೆದು ಹೇಳಿರಬೇಕು, ಬೇರೆ ಊರಿನ ಮಾತಿರಬೇಕು, ಚಿನ್ನಪ್ಪನ್ ಹೇಳಿದ ಮಂಟಪ ಇನ್ನೊಂದು ಮೈಲಿ ಆಚೆ ಇರಬೇಕು. ಬಡಗಿಗೆ ನಮ್ಮ ಕನ್ನಡ ತಿಳಿಯದು. ಅಕ್ಕನ ಮುಖದ ಸಂತೋಷ ಮಾತ್ರ ಕಂಡಿತು. ಅವನು ಗಾಬರಿಯಾಗಿ, ತನ್ನ ಮಾತು ಸುಳ್ಳೆಂದು ತಿಳಿದರೇನೋ ಎಂದುಕೊಂಡು, ಗೋಡೆಗೆ ಒರಗಿಸಿದ್ದ ಅಳತೆಕೋಲನ್ನು ತಂದು ಅಕ್ಕನ ಮುಂದೆ ಹಿಡಿದ.

“ಇದೇ ಮುಳಂ. ಇದರಲ್ಲಿ ಎರಡೂವರೆ.”

ನಾನು ದಿನವೂ ಕೋಲು ಹಿಡಿಯುವವನು. ನೋಡಿದ ಕೂಡಲೇ ತಿಳಿಯಿತು. ಅದು ಮೊಳವಲ್ಲ. ಅಲ್ಲಿಯ ಬಡಗಿಗಳಿಗೆ ರಿಯನ ಎಂಬ ಅವರದೇ ಒಂದು ಅಳತೆ ಇದೆ, ಮರದ ಕೆಲಸಕ್ಕೆ ಬೇರೆ, ಉಳಿದ ಜನಕ್ಕೆ ಬೇರೆ. ರಿಯನ ಎಂಬುದಕ್ಕೆ ತಮಿಳಿನಲ್ಲಿ ಬೇರೆ ಮಾತು ಸಿಗದೆ ಅವನು ಮುಳಂ ಎಂದಿದ್ದ. ಅಷ್ಟೇ ಆದದ್ದು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೋಲನ್ನು ಕೈಗೆ ತೆಗೆದುಕೊಂಡಳು. ಮಣೆಯ ಮೇಲೆ ಅಡ್ಡ ಮಲಗಿಸಿದಳು. ಕೋಲಿನ ತುದಿಗೆ ಮೊಣಕೈ ಊರಿ, ಬೆರಳು ಚಾಚಿದಳು. ಬೆರಳಿನ ತುದಿಯಾಚೆ ಕೋಲು ಇನ್ನೂ ಉಳಿದಿತ್ತು. ಉಳಿದದ್ದರ ಮೇಲೆ ಗೇಣು ಹಾಕಿದಳು. ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು. ಒಂದು ಮೊಳ, ಒಂದು ಗೇಣು. ಒಂದು ಕೋಲಿಗೆ ಒಂದೂವರೆ ಮೊಳ.

“ಎರಡು ಕೋಲಿಗೆ ಮೂರು ಮೊಳ,” ಎಂದಳು, ಯಾರಿಗೂ ಅಲ್ಲ. “ಅರ್ಧ ಕೋಲಿಗೆ ಮುಕ್ಕಾಲು.”

ಮೂರು ಮುಕ್ಕಾಲು ಮೊಳ.

ಅವಳು ಆ ಲೆಕ್ಕವನ್ನು ಹಿಡಿದು ನಿಂತಳು. ಅವಳು ದಾರದಲ್ಲಿ ಅಳೆದ ಮನುಷ್ಯ ಮೂರೂವರೆಯ ಮೇಲೆ ಎರಡು ಬೆರಳು. ಪೆಟ್ಟಿಗೆ ಅದಕ್ಕಿಂತ ನಾಲ್ಕು ಬೆರಳು ದೊಡ್ಡದು. ಅಷ್ಟೇ ಜಾಗದಲ್ಲಿ ಅವಳು ಇನ್ನೂ ಬದುಕಿದ್ದಳು. ಬಡಗಿಯ ಕಡೆ ತಿರುಗಿ ತಮಿಳಿನಲ್ಲಿ ಕೇಳಿದಳು: “ಅವನ ಅಳತೆಗೆ ಸರಿಯಾಗಿ ಮಾಡಿದೆಯಾ, ದೊಡ್ಡದು ಮಾಡಿದೆಯಾ ಅಣ್ಣಾ?”

“ಯಾವಾಗಲೂ ತಲೆಯ ಕಡೆ ಎರಡು ಬೆರಳು, ಕಾಲಿನ ಕಡೆ ಎರಡು ಬೆರಳು ಬಿಡುತ್ತೇನಮ್ಮ. ಇಕ್ಕಟ್ಟಾಗಬಾರದು,” ಎಂದ ಅವನು, ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂಬ ನಂಬಿಕೆಯಿಂದ.

ಅಕ್ಕ ಕೋಲನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಮರದ ಹೊಟ್ಟಿನ ಮೇಲೆ ಕುಸಿದು ಕೂತಳು. ಅವಳ ಬಾಯಿಂದ ಬಂದ ದನಿಯನ್ನು ನಾನು ಬರೆಯಲಾರೆ. ಮುದುಕಿ ಗದ್ದೆ ದಾಟಿ ಬಂದಿದ್ದವಳು ಕೊಡೆಯನ್ನು ಎಸೆದು ಓಡಿಬಂದು ಅವಳನ್ನು ತಬ್ಬಿಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಬಹಳ ಹೊತ್ತು ಒಂದೇ ರೀತಿ ಅತ್ತರು.

ರಬ್ಬರ್ ತೋಟದ ಅಂಚು

ಕೆಂಪು ಮಣ್ಣಿನ ದಿಬ್ಬದ ಸುತ್ತ ಎಳೆ ತೆಂಗಿನ ಗರಿ ಸೀಳಿ ಕಟ್ಟಿದ್ದರು. ಕೋಲುಗಳ ಮೇಲೆ ಬಿಳಿ ಬಟ್ಟೆಯ ಚೂರುಗಳು. ಸಾವಿನ ಮನೆಗೆ ಹಾಗೆ ಬಿಳಿ ಬಾವುಟ ಕಟ್ಟುವುದು ಅವರ ಪದ್ಧತಿ. ಹೆಸರು ಗೊತ್ತಿಲ್ಲದವನಿಗೂ ಕಟ್ಟಿದ್ದರು. ಮಳೆಗೆ ಅವು ನೆನೆದು ಕೋಲಿಗೆ ಅಂಟಿಕೊಂಡಿದ್ದವು. ಅಕ್ಕ ಒಂದೊಂದನ್ನೂ ಬಿಡಿಸಿ ಗಾಳಿಗೆ ಹರಡಿದಳು.

ರಾಗಿ ಹಿಟ್ಟನ್ನು ಅಲ್ಲೇ ಬಿಡಬೇಕೆಂದು ಅವಳಿಗೆ ಅನಿಸಿತು. ಮುದುಕಿಯ ಒಲೆಯಲ್ಲಿ ನೀರು ಕುದಿಸಿ, ದಿಬ್ಬದ ಮೇಲಿಡಲು ಮುದ್ದೆ ಕಟ್ಟಿದಳು. ಅಡುಗೆಮನೆಯ ಬಾಗಿಲಲ್ಲಿ ಊರಿನ ಹೆಂಗಸರೆಲ್ಲ ನಿಂತು, ಇದೇನು ಹೀಗೆ ತಿರುವುತ್ತಾಳೆ ಎಂದು ನೋಡಿದರು. ಅವರೂ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಅನ್ನ ತರುತ್ತಾರೆ ಎಂದು ಬಡಗಿ ಹೇಳಿದ. ನಮ್ಮಲ್ಲೂ ಹಾಗೆಯೇ ಎಂದೆ. ಅಂದು ಮೂರು ಮನೆಗಳಿಂದ ನಮಗೆ ಅನ್ನ ಬಂತು. ತಿನ್ನಲಾಗಲಿಲ್ಲ. ತಿನ್ನದಿದ್ದರೆ ಅವರಿಗೆ ನೋವಾಗುತ್ತದೆಂದು ತಿಂದೆವು.

ತಲೈಮನ್ನಾರಿನವರೆಗೂ, ಹಡಗಿನಲ್ಲೂ, ತಿರುಚ್ಚಿಯವರೆಗೂ ನಾನು ಹೊರಗೆ ನೋಡುತ್ತ, ಬಸ್ಸಿನಲ್ಲಿ ಎಣಿಸಿದ ಮೈಲಿಗಲ್ಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಹನ್ನೆರಡರಲ್ಲಿ ಇಳಿದಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಹೇಳುವುದಿಲ್ಲ. ಅವರ ಎದೆಯಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ತೆರೆದಾಗ ಎದುರಿಗೆ ಹೆಂಡತಿಯ ಮುಖ ಇರುತ್ತಿತ್ತು, ಅಷ್ಟೇ. ಅಷ್ಟಾದರೂ ಇರುತ್ತಿತ್ತು.

ಊರಿಗಾಂ

ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹತ್ತಿದೆವು. ಕೆಲಸದ ಪಾಳಿಗೆ ಹೋಗುವ ಗಂಡಸರು ತುಂಬಿದ್ದರು. ಯಾರೋ ಅಕ್ಕನಿಗೆ ಜಾಗ ಬಿಟ್ಟರು. ಊರಿಗಾಮಿನಲ್ಲಿ ಇಳಿದಾಗ ಅವಳು ಕುಂಕುಮ ಅಳಿಸಿಕೊಂಡಳು. ಅಲ್ಲಿಯತನಕ ಇಟ್ಟುಕೊಂಡೇ ಬಂದಿದ್ದಳು.

ಯಲ್ಲಮ್ಮ ಲೈನಿನ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಸೊಸೆಯ ಹಣೆ ನೋಡಿದಳು. ಅವಳ ತಲೆ ಮೆಲ್ಲಗೆ ಅಲುಗಾಡತೊಡಗಿತು. ಅಕ್ಕಪಕ್ಕದ ಹೆಂಗಸರು ಸೇರಿ ಗೋಳಿಟ್ಟರು. ಅವಳು ಮಾತ್ರ ಅಳದೆ, ಎಲ್ಲ ಮುಗಿಯುವತನಕ ಕಾದು, ನನ್ನನ್ನು ಹತ್ತಿರ ಕರೆದಳು.

“ಸುಟ್ರಾ ಕಣಪ್ಪ, ಊಳಿದ್ರಾ?”

“ಹೂಳಿದರಮ್ಮ. ಪೆಟ್ಟಿಗೆ ಮಾಡಿ, ಚೆನ್ನಾಗೇ ಮಾಡಿದರು.”

“ಎಷ್ಟ್ ಆಳಕ್ಕೆ?”

ನಾನು ಅಕ್ಕನ ಮುಖ ನೋಡಿದೆ. ಅವಳೇ ಹೇಳಿದಳು.

“ಒಂದಾಳುದ್ದ ಅತ್ತೆ.”

ಗಣಿಯ ಕಡೆಯಿಂದ ಪಾಳಿ ಬದಲಾಗುವ ಕೂಗು ಕೇಳಿಸಿತು. ಲೈನಿನ ಬಾಗಿಲುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಗಂಡಸರಿಗೆ ನೀರು ಕಾಯಿಸಲು ಎದ್ದು ಹೋದರು.

“ಒಂದಾಳುದ್ದಾನಾ? ಅಷ್ಟೇನಾ?” ಎಂದಳು ಯಲ್ಲಮ್ಮ. “ಇಲ್ಲಿ ಮೈಲಿಗಟ್ಲೆ ಕೆಳಕ್ಕೆ ಇಳ್ದು, ದಿನಾ ಸಂಜೆ ಎದ್ದು ಬತ್ತಿದ್ನಲ್ಲಾ ನನ್ ಮಗ.”